ನನಗೂ ಒಂದು ವೀಲ್‌ಚೇರ್

ಎರಡು ವರ್ಷದ ಹಿಂದೆ ನಾನು ಚೆನ್ನೈನ ವಡಪಳನಿಯಲ್ಲಿ ಒಂದು ಟ್ರಾವೆಲ್ ಏಜೆನ್ಸಿಯ ಅಂತರರಾಷ್ಟ್ರೀಯ ಟಿಕೆಟ್ ವಿಭಾಗ ನೋಡಿಕೊಳ್ಳುತ್ತಿದ್ದೆ. ನಿವೃತ್ತಿಗೆ ಒಂದು ವರ್ಷ ಉಳಿದಿತ್ತು. ಲೋಕದ ದೊಡ್ಡ ವಿಮಾನ ನಿಲ್ದಾಣಗಳ ನಕ್ಷೆಗಳೆಲ್ಲ ನನಗೆ ಬಾಯಿಪಾಠ. ಆದರೆ ಅವುಗಳಲ್ಲಿ ಒಂದರೊಳಗೂ ನಾನು ಕಾಲಿಟ್ಟಿರಲಿಲ್ಲ.

ಬಂದವರ ಮೊದಲ ಪ್ರಶ್ನೆ ಯಾವಾಗಲೂ ಒಂದೇ: ನಾನ್-ಸ್ಟಾಪ್ ಇದೆಯಾ? ಡೈರೆಕ್ಟ್ ಎಂದರೆ ನಾನ್-ಸ್ಟಾಪ್ ಅಲ್ಲ ಎಂದು ದಿನವೂ ಬಿಡಿಸಿ ಹೇಳಬೇಕಿತ್ತು. ಡೈರೆಕ್ಟ್ ವಿಮಾನ ನಡುವೆ ಒಂದೂರಲ್ಲಿ ಇಳಿಯಬಹುದು, ನಂಬರ್ ಮಾತ್ರ ಬದಲಾಗುವುದಿಲ್ಲ. ಎಲ್ಲೂ ಇಳಿಯದೆ ಹೋಗುವುದು ನಾನ್-ಸ್ಟಾಪ್. ಚೆನ್ನೈನಿಂದ ಅಮೆರಿಕಕ್ಕೆ ಅಂಥದ್ದು ಇಲ್ಲ. ಕೊಲ್ಲಿ ದೇಶದಲ್ಲೋ ಯುರೋಪಿನಲ್ಲೋ ಇಳಿದು ವಿಮಾನ ಬದಲಿಸಲೇಬೇಕು. ಇಂಗ್ಲಿಷ್ ಬಾರದ ಹಿರಿಯರಿಗೆ ಅಲ್ಲೇ ಜೀವ ಬಾಯಿಗೆ ಬರುತ್ತಿತ್ತು.

ಅದಕ್ಕೆ ನಾವು ಕಸುಬಿನವರು ಒಂದು ಉಪಾಯ ಕಂಡುಕೊಂಡಿದ್ದೆವು. ಟಿಕೆಟ್ ಮಾಡುವಾಗಲೇ ವೀಲ್‌ಚೇರ್ ಕೇಳಿಬಿಡುವುದು. ಗಟ್ಟಿಮುಟ್ಟಾದವರಿಗೂ ಸರಿಯೇ. ಸಿಬ್ಬಂದಿಯೊಬ್ಬ ಬಂದು ಕೂರಿಸಿಕೊಂಡು, ತಪಾಸಣೆ ದಾಟಿಸಿ, ಮುಂದಿನ ಗೇಟಿಗೆ ತಳ್ಳಿಕೊಂಡು ಹೋಗುತ್ತಾನೆ. “ಎದ್ದು ಓಡಾಡಬೇಡಿ, ಕುರ್ಚಿ ಕೊಡಲ್ಲ” ಎಂದು ನಾನೇ ಎಷ್ಟೋ ಜನರಿಗೆ ಹೇಳಿಕೊಟ್ಟು ಕಳಿಸಿದ್ದೇನೆ.

ಆ ವರ್ಷ ಯುರೋಪಿನ ಒಂದು ಪ್ರವಾಸೋದ್ಯಮ ಮೇಳಕ್ಕೆ ಏಜೆನ್ಸಿ ನನ್ನನ್ನೇ ಕಳಿಸಿತು. ಒಬ್ಬಳೇ ವಿಮಾನ ಬದಲಿಸಬೇಕೆಂದರೆ ನನಗೂ ಹೆದರಿಕೆಯೇ. ಯಾರಿಗೂ ಹೇಳದೆ ನನ್ನ ಟಿಕೆಟ್‌ಗೂ ವೀಲ್‌ಚೇರ್ ಹಾಕಿಕೊಂಡೆ.

ಕೊಲ್ಲಿಯ ನಿಲ್ದಾಣದಲ್ಲಿ ಇಳಿದಾಗ ವಿಮಾನದ ಬಾಗಿಲಲ್ಲಿ ಕುರ್ಚಿಗಳು ಕಡಿಮೆ, ಕೇಳಿದವರು ಬಹಳ. ನನ್ನ ಹೆಸರು ಬೇಗ ಕರೆದರು. ಕೂತೆ. ಪಕ್ಕದ ಬೆಂಚಿನಿಂದ ಒಂದು ದನಿ ಬಂತು.

“ಅಯ್ಯೋ ವಸುಧಾ, ನಿಮ್ಮ ಕಾಲಿಗೆ ಎಂತಾಯ್ತು? ಮೊನ್ನೆ ಆಫೀಸಲ್ಲಿ ಸರಿ ಇದ್ರಲ್ಲ ಮಾರಾಯ್ರೆ!”

ಸರೋಜಕ್ಕ. ಚೆನ್ನೈನ ಕ್ರೋಂಪೇಟೆಯಲ್ಲಿ ಸಸ್ಯಾಹಾರಿ ಹೋಟೆಲು ನಡೆಸುವ ಉಡುಪಿ ಕಡೆಯ ಮನೆಯವರು. ಅವರ ಟಿಕೆಟ್ ಮಾಡಿದವಳೂ ನಾನೇ. ಸೊಂಟದ ಆಪರೇಷನ್ ಆಗಿ ಊರುಗೋಲು ಹಿಡಿದು ನಾಲ್ಕು ಹೆಜ್ಜೆ ಇಡುವುದೇ ಅವರಿಗೆ ಸಾಹಸ. ಅಮೆರಿಕದಲ್ಲಿ ಮಗಳ ಚೊಚ್ಚಲ ಹೆರಿಗೆ, ಮರುದಿನ ಬೆಳಿಗ್ಗೆ ಸಿಸೇರಿಯನ್ ಗೊತ್ತುಮಾಡಿದ್ದರು. ಆ ಹೊತ್ತಿಗೆ ಮಗಳ ಪಕ್ಕದಲ್ಲಿರಬೇಕು ಎಂಬುದೊಂದೇ ಅವರ ಹಂಬಲ.

“ಮಂಡಿ ವಲಿ ಅಕ್ಕಾ, ಕೊಂಚ ದಿನದಿಂದ ನೋವು,” ಎಂದೆ. ನಾಲಿಗೆ ಎಷ್ಟು ಸಲೀಸಾಗಿ ಹೊರಳಿತು!

ಕುರ್ಚಿ ಹೊರಟಿತು. ಉಳಿದವರಿಗೆ ಕುರ್ಚಿ ಬರಲು ಅರ್ಧ ಗಂಟೆಯಾದರೂ ಬೇಕು ಎಂದು ಯಾರೋ ಹೇಳಿದ್ದು ಕೇಳಿಸಿತು. ಅಷ್ಟರಲ್ಲಿ ಸರೋಜಕ್ಕನ ವಿಮಾನದ ಗೇಟು ಮುಚ್ಚುತ್ತದೆಂದು ಅಲ್ಲಿ ಗೊತ್ತಿದ್ದುದು ನನಗೊಬ್ಬಳಿಗೇ. ಆ ಕಂಪನಿಯ ಮುಂದಿನ ವಿಮಾನ ಇನ್ನು ನಾಳೆಗೆ. ಆದರೂ ಸ್ವಲ್ಪ ದೂರ ಬಾಯಿಬಿಡದೆ ಕೂತೇ ಹೋದೆ. ಈಗ ಎದ್ದರೆ ಎಲ್ಲರೆದುರು ಮಾನ ಹೋಗುತ್ತದಲ್ಲ ಎಂಬ ಯೋಚನೆ. ಹಾಗೆ ಕೂತ ಆ ದೂರವನ್ನು ನೆನೆದರೆ ಇವತ್ತಿಗೂ ಮೈ ಕುಗ್ಗುತ್ತದೆ.

ಕೊನೆಗೆ ತಳ್ಳುವವನನ್ನು ನಿಲ್ಲಿಸಿ, ಹಿಂದಕ್ಕೆ ಬಂದು, ಅವರನ್ನು ಕೂರಿಸಿದೆ.

“ನಿಮ್ಮ ಮಂಡಿ?” ಎಂದರು ಸರೋಜಕ್ಕ.

“ನಾನ್ ಹೇಗೋ ಸಮಾಳಿಸ್ತೀನಿ ಅಕ್ಕಾ.”

ಅಷ್ಟಕ್ಕೇ ನಿಲ್ಲಿಸಿದ್ದರೂ ಆಗುತ್ತಿತ್ತು. ಹೇಳಿದ ಸುಳ್ಳಿಗೆ ತಕ್ಕಂತೆ ಅವರ ಗೇಟಿನವರೆಗೂ ಕುಂಟುತ್ತಾ ನಡೆದೆ! ಬಾಗಿಲು ಮುಚ್ಚುವ ಮೊದಲು ಅವರು ಒಳಗೆ ಹೋದರು. ಆಮೇಲೆ ನಾನು ತಲೆಯೆತ್ತಿ ನೋಡಿದರೆ ಪ್ರತಿ ತಿರುವಿನಲ್ಲೂ ಹಳದಿ ಬೋರ್ಡು, ಬಾಣದ ಗುರುತು, ಗೇಟಿನ ನಂಬರ್. ಓದು ಬಲ್ಲವಳು ದಾರಿ ತಪ್ಪುವಂಥದ್ದು ಅಲ್ಲೇನೂ ಇರಲಿಲ್ಲ.

ಊರಿಗೆ ಮರಳಿದ ಮೇಲೆ ಅಸಲಿ ಶಿಕ್ಷೆ ಶುರುವಾಯಿತು. ಸರೋಜಕ್ಕ ಅಮೆರಿಕದಿಂದಲೇ ಎಲ್ಲರಿಗೂ ಫೋನ್ ಮಾಡಿ ನನ್ನ ತ್ಯಾಗ ಕೊಂಡಾಡಿದ್ದರು. ಹೋಟೆಲಿಗೆ ಕಾಲಿಟ್ಟರೆ ಗಲ್ಲಾದಲ್ಲಿದ್ದವರು ಎದ್ದು ನಿಂತು ಕುರ್ಚಿ ಎಳೆದು ಕೊಡುತ್ತಿದ್ದರು. ಆರು ತಿಂಗಳ ಮೇಲೆ ವಾಪಸಾದ ಸರೋಜಕ್ಕ ಆಫೀಸಿಗೆ ಒಂದು ಬಾಟಲಿ ಕಳಿಸಿದರು. ಮಂಡಿನೋವಿನ ಎಣ್ಣೆ, ಉಡುಪಿಯಿಂದ ತರಿಸಿದ್ದು.

ಅದನ್ನು ಮೇಜಿನ ಮೇಲಿಟ್ಟುಕೊಂಡು ನನಗೆ ಕೆಲಸ ಓಡಲಿಲ್ಲ. ಆ ಭಾನುವಾರ ಬಾಟಲಿಯನ್ನು ಹಾಗೆಯೇ ಹಿಡಿದು ಕ್ರೋಂಪೇಟೆಗೆ ಹೋದೆ. ಮೊಮ್ಮಗಳ ಫೋಟೋ ತೋರಿಸಲು ಬಂದ ಸರೋಜಕ್ಕನನ್ನು ತಡೆದು, ನಿಂತಲ್ಲೇ ಎಲ್ಲ ಹೇಳಿಬಿಟ್ಟೆ. ಕಾಲು ನೋವಿರಲಿಲ್ಲ, ಇದ್ದುದು ಹೆದರಿಕೆ ಅಂತ.

ಸರೋಜಕ್ಕ ಕನ್ನಡಕ ಸರಿಮಾಡಿಕೊಂಡರು. “ಗೊತ್ತುಂಟು. ನೀವು ಹೋಗ್ತಾ ಹೋಗ್ತಾ ಒಮ್ಮೆ ಎಡಗಾಲು ಕುಂಟಿದ್ರಿ, ಒಮ್ಮೆ ಬಲಗಾಲು.”

“ಮತ್ತೆ ಎಣ್ಣೆ ಯಾಕಕ್ಕಾ ಕಳಿಸಿದ್ರಿ?”

“ನೀವಾಗಿಯೇ ಹೇಳ್ತೀರೋ ಇಲ್ವೋ, ನೋಡುವ ಅಂತ.”

ನೆಲ ಬಾಯಿಬಿಡಬಾರದೇ ಅನ್ನಿಸಿತು. ಅವರು ಮಾತ್ರ ಒಳಗೆ ಕೂಗಿ ಕಾಫಿ ತರಿಸಿದರು.

ಹೆದರುವವರಿಗೆಂದೇ ಬೇರೆ ಸೇವೆ ಇದೆ. ಮೀಟ್ ಅಂಡ್ ಅಸಿಸ್ಟ್ ಎನ್ನುತ್ತಾರೆ. ಕುರ್ಚಿಯಿಲ್ಲದೆ ಸಿಬ್ಬಂದಿಯೊಬ್ಬರು ಜೊತೆಗೆ ನಡೆದುಕೊಂಡು ಬರುತ್ತಾರೆ. ಅದು ನನಗೆ ಮೊದಲೇ ಗೊತ್ತಿತ್ತು. ಕೇಳಬೇಕಾದರೆ ಹೆದರಿಕೆ ಅಂತ ಬಾಯಿಬಿಟ್ಟು ಹೇಳಬೇಕು, ಅಷ್ಟೆ. ನಿವೃತ್ತಿಯಾಗುವವರೆಗೆ, ವೀಲ್‌ಚೇರ್ ಕೇಳಿದವರಿಗೆಲ್ಲ ಒಂದೇ ಪ್ರಶ್ನೆ ಹಾಕುತ್ತಿದ್ದೆ: “ಕಾಲಿಗೋ, ಭಯಕ್ಕೋ?” ಭಯಕ್ಕೆ ಎಂದು ಅನೇಕರು ನಗುತ್ತಲೇ ಒಪ್ಪಿಕೊಂಡರು. ಅವರೆಲ್ಲ ನನಗಿಂತ ಧೈರ್ಯವಂತರು.