ಒಪ್ಪಿಗೆ ಕೇಳಲು ಕಲಿಸಿದ ಮೇಷ್ಟ್ರು

ಸಮಾಜಶಾಸ್ತ್ರವೆಂದರೆ ಅಂಕಿಅಂಶಗಳ ಕೋಷ್ಟಕವೆಂದು ನಂಬಿದವರು ಒಂದು ಕಡೆ, ಸಿದ್ಧಾಂತಗಳ ಹಗ್ಗಜಗ್ಗಾಟವೆಂದು ನಂಬಿದವರು ಇನ್ನೊಂದು ಕಡೆ ಇರುವ ನಮ್ಮ ವಿದ್ವತ್ ವಲಯದಲ್ಲಿ, ಅದು ಮೊದಲಿಗೆ ಇನ್ನೊಬ್ಬರ ಮನೆಯ ಕದ ತಟ್ಟಿ, ತೆರೆಯುವ ತನಕ ಹೊರಗೆ ನಿಲ್ಲುವ ಶಿಸ್ತು ಎಂದು ಮೂವತ್ತನಾಲ್ಕು ವರ್ಷ ಪಾಠ ಹೇಳಿದವರು ನಮ್ಮ ಮೇಷ್ಟ್ರು. ಅವರು ಈ ವರ್ಷದ ಕೊನೆಗೆ ವಿಶ್ವವಿದ್ಯಾಲಯದ ಸೇವೆಯಿಂದ ನಿವೃತ್ತರಾಗುತ್ತಿದ್ದಾರೆ. ಅವರು ಬರೆದ ಪುಸ್ತಕಗಳು ಎರಡೇ. ಅವರ ಮಾರ್ಗದರ್ಶನದಲ್ಲಿ ಹೊರಬಂದ ಪ್ರಬಂಧಗಳು ಅರವತ್ತೊಂದು. ಅವರ ವಿದ್ವತ್ತನ್ನು ಅಳೆದು ತೂಗುವ ಕೆಲಸವನ್ನು ಈ ಅಭಿನಂದನ ಸಂಪುಟದಲ್ಲಿ ಬಲ್ಲವರು ಮಾಡಿದ್ದಾರೆ. ಇಲ್ಲಿ ಹೇಳಹೊರಟಿರುವುದು ಆ ಅರವತ್ತೊಂದರಲ್ಲಿ ಒಂದರ ಕಥೆಯನ್ನು ಮಾತ್ರ. ಅದನ್ನು ಬರೆದಾಕೆಯ ಒಪ್ಪಿಗೆ ಪಡೆದೇ ಇದನ್ನು ಬರೆಯಲಾಗಿದೆ. ಪಡೆಯದೆ ಬರೆದಿದ್ದರೆ ಮೇಷ್ಟ್ರು ಈ ಸಂಪುಟವನ್ನು ಕೈಯಲ್ಲಿ ಮುಟ್ಟುತ್ತಿರಲಿಲ್ಲ.

ಆಕೆ ಇಲ್ಲಿಗೆ ಬಂದದ್ದು ಹತ್ತೊಂಬತ್ತು ವರ್ಷಗಳ ಹಿಂದೆ, ದೂರದ ಇನ್ನೊಂದು ದೇಶದಿಂದ. ತಂದೆ ಅಂಚೆ ವಿಂಗಡಿಸುವ ಕೆಲಸದವರು, ತಾಯಿ ಮನೆಯಲ್ಲೇ ಹೊಲಿಗೆ ಹಾಕುವವರು. ವಂಶದಲ್ಲಿ ಸಮುದ್ರ ದಾಟಿದವರಲ್ಲಿ ಆಕೆಯೇ ಮೊದಲು. ಇಲ್ಲಿನ ಭಾಷೆಯನ್ನು ಪುಸ್ತಕದಲ್ಲಿ ಓದಿ ಅರಗಿಸಿಕೊಂಡಿದ್ದಳೇ ಹೊರತು ಬಾಯಿಗೆ ಇನ್ನೂ ಒಗ್ಗಿರಲಿಲ್ಲ. ತರಗತಿಯ ಚರ್ಚೆಯಲ್ಲಿ ತನ್ನ ಮಾತನ್ನು ಮನಸ್ಸಿನಲ್ಲೇ ಪೋಣಿಸಿ, ವ್ಯಾಕರಣ ಸರಿಮಾಡಿ, ಇನ್ನೇನು ಬಾಯಿ ತೆರೆಯಬೇಕು ಎನ್ನುವಷ್ಟರಲ್ಲಿ ಚರ್ಚೆ ಮೂರು ತಿರುವು ದಾಟಿ ಹೋಗಿರುತ್ತಿತ್ತು. ಎಲ್ಲರೂ ನಕ್ಕಾಗ ಆಕೆಯೂ ನಗುತ್ತಿದ್ದಳು. ಯಾಕೆ ನಕ್ಕದ್ದೆಂದು ವಸತಿಗೃಹದ ಕೋಣೆಗೆ ಹೋದ ಮೇಲೆ ಯೋಚಿಸುತ್ತಿದ್ದಳು. ಮೂರು ವಾರ ಆಕೆಯ ಬಾಯಿಂದ ಪಿಟ್ಟೆಂದು ಒಂದು ಮಾತು ಹೊರಡಲಿಲ್ಲ.

ಮೇಷ್ಟ್ರು ಏನೂ ಕೇಳಲಿಲ್ಲ. ನಾಲ್ಕನೆಯ ವಾರ ತರಗತಿಗೆ ಬಂದವರೇ, ಇನ್ನು ಮುಂದೆ ಪ್ರಶ್ನೆ ಕೇಳಿದ ಮೇಲೆ ಒಂದು ನಿಮಿಷ ಯಾರೂ ಮಾತಾಡಕೂಡದು ಎಂದು ಹೊಸ ಕಟ್ಟಳೆ ಹಾಕಿ, ಕೈಗಡಿಯಾರ ಬಿಚ್ಚಿ ಮೇಜಿನ ಮೇಲಿಟ್ಟರು. ಹುಡುಗರು ಗಂಭೀರವಾಗಿ ತಲೆ ತಗ್ಗಿಸಿ ಕೂತದ್ದನ್ನು ನೋಡಿ, "ಯಾರೂ ತೀರಿಕೊಂಡಿಲ್ಲ, ಗಾಬರಿ ಬೇಡ. ಯೋಚನೆ ಮಾಡಿ ಅಂತ ಅಷ್ಟೆ," ಎಂದರು. ಆ ದಿನ ಆಕೆ ಮೊದಲ ಬಾರಿಗೆ ಮಾತಾಡಿದಳು. ಕಟ್ಟಳೆ ತನಗಾಗಿಯೇ ಹುಟ್ಟಿದ್ದೆಂದು ಆಕೆಗೆ ಹೊಳೆದದ್ದು ಎರಡು ವರ್ಷದ ಮೇಲೆ. ಉಪಕಾರ ಮಾಡಿದ ಕೈ ಕಾಣದಂತೆ ಉಪಕಾರ ಮಾಡುವುದು ಅವರ ರೀತಿ.

ಕ್ಷೇತ್ರಕಾರ್ಯಕ್ಕೆ ಆಕೆ ಆರಿಸಿಕೊಂಡದ್ದು ಊರಿನ ದೊಡ್ಡ ಆಸ್ಪತ್ರೆಯ ನೆಲಮಾಳಿಗೆಯಲ್ಲಿದ್ದ ಲಾಂಡ್ರಿಯನ್ನು. ದಿನಕ್ಕೆ ಸಾವಿರಾರು ಹಾಸುಬಟ್ಟೆಗಳು ಕೊಳೆಯಾಗಿ ಒಂದು ಬಾಗಿಲಿಂದ ಒಳಬಂದು, ಬಿಸಿಯಾಗಿ ಇನ್ನೊಂದು ಬಾಗಿಲಿಂದ ಹೊರಹೋಗುತ್ತಿದ್ದ ಆ ಜಾಗದಲ್ಲಿ ಹನ್ನೊಂದು ಹೆಂಗಸರು ದುಡಿಯುತ್ತಿದ್ದರು. ಅವರೆಲ್ಲರಿಗೂ ಹಿರಿಯಳು, ಎಲ್ಲರ ಬಾಯಲ್ಲೂ 'ದೊಡ್ಡಕ್ಕ'. ಇಪ್ಪತ್ತೆರಡು ವರ್ಷದ ಸೇವೆ. ಎಡಗೈಯ ಎರಡು ಬೆರಳನ್ನು ಇಸ್ತ್ರಿಯ ಉರುಳೆಗೆ ಕೊಟ್ಟವಳು. ಉಳಿದ ಎಂಟು ಬೆರಳಲ್ಲಿ ಆಕೆ ಹಾಸುಬಟ್ಟೆ ಮಡಿಸಿದರೆ ಅಂಚು ಗೆರೆ ಎಳೆದಂತೆ ಕೂರುತ್ತಿತ್ತು.

"ಅಷ್ಟು ದೂರದಿಂದ ಬಂದು ನಮ್ಮ ಹಾಸುಬಟ್ಟೆ ನೋಡ್ತಾ ಕೂತಿದೀಯಲ್ಲ, ನಿಮ್ಮೂರಲ್ಲಿ ಯಾರೂ ಮಲಗೋದೇ ಇಲ್ವಾ?" ಎಂದು ದೊಡ್ಡಕ್ಕ ಮೊದಲ ದಿನವೇ ಕೇಳಿದಳು.

"ಮಲಗ್ತಾರೆ. ಆದ್ರೆ ಯಾರು ಒಗೀತಾರೆ ಅಂತ ಯಾರೂ ಕೇಳಲ್ಲ," ಎಂದಳು ವಿದ್ಯಾರ್ಥಿನಿ.

"ಹಾಗಾದ್ರೆ ಸುಮ್ನೆ ಕೂರ್ಬೇಡ, ಆ ತುದಿ ಹಿಡ್ಕೊ."

ಹೀಗೆ ತುದಿ ಹಿಡಿದುಕೊಂಡು ಆಕೆ ಐದು ತಿಂಗಳು ಕಳೆದಳು. ಕೈ ಬೊಬ್ಬೆ ಎದ್ದು ಒಣಗಿತು. ನಾಲಗೆಗೆ ಭಾಷೆ ಬಂತು. ಟಿಪ್ಪಣಿ ಪುಸ್ತಕಗಳು ಒಂಬತ್ತಾದವು. ಆ ಒಂಬತ್ತರಲ್ಲಿ ಒಂದು ಪುಟ ಎಲ್ಲಕ್ಕೂ ಮಿಗಿಲಾಗಿತ್ತು. ಅಲ್ಲಿನ ಕೆಲಸಗಾರ್ತಿಯರಲ್ಲಿ ಒಬ್ಬಾಕೆ ಎಳೆಯ ಬಾಣಂತಿ. ಮಧ್ಯಾಹ್ನ ಅರ್ಧ ಗಂಟೆ ಆಕೆ ಹಿಂದಿನ ಬಾಗಿಲಿಂದ ಎದುರು ಬೀದಿಯ ಮನೆಗೆ ಓಡಿ ಮಗುವಿಗೆ ಹಾಲೂಡಿಸಿ ಬರುತ್ತಿದ್ದಳು. ಆ ಹೊತ್ತಿನ ಹಾಜರಿ ಕಾರ್ಡನ್ನು ದೊಡ್ಡಕ್ಕ ಯಂತ್ರಕ್ಕೆ ತೋರಿಸಿ ಅವಳ ಕೆಲಸವನ್ನೂ ತಾನೇ ಮಾಡಿಬಿಡುತ್ತಿದ್ದಳು. ವಿದ್ಯಾರ್ಥಿನಿ ಇದನ್ನು ಮನಸ್ಸು ತುಂಬಿ ಬರೆದಳು. ಹೆಸರು ಹಾಕಲಿಲ್ಲ, ಆಸ್ಪತ್ರೆ ಯಾವುದೆಂದು ಹೇಳಲಿಲ್ಲ. 'ಎಂಟು ಬೆರಳುಗಳು ಇಬ್ಬರ ಕೆಲಸ ಮಾಡುತ್ತವೆ' ಎಂದು ಮಾತ್ರ ಬರೆದಳು.

ವಿಚಾರಗೋಷ್ಠಿಯಲ್ಲಿ ಓದಿದಾಗ ಚಪ್ಪಾಳೆ ನಿಲ್ಲಲಿಲ್ಲ. ಆದರೆ ಕೇಳುಗರಲ್ಲಿ ಆಸ್ಪತ್ರೆಯ ಆಡಳಿತದವರೊಬ್ಬರು ಕೂತಿದ್ದರು. ಊರಿನಲ್ಲಿ ಎಂಟು ಬೆರಳಿನ ಲಾಂಡ್ರಿ ಹೆಂಗಸರು ಎಷ್ಟು ಜನ ಇದ್ದಾರು? ಎರಡು ವಾರ ಕಳೆಯುವುದರೊಳಗೆ ಬಾಣಂತಿಗೆ ಎಚ್ಚರಿಕೆ ಪತ್ರ ಬಂತು, ಮಧ್ಯಾಹ್ನದ ಅರ್ಧ ಗಂಟೆ ನಿಂತಿತು. ದೊಡ್ಡಕ್ಕನನ್ನು ಮಡಿಸುವ ಮೇಜಿನಿಂದ ಎಬ್ಬಿಸಿ, ರಕ್ತ ಮಲಗಳ ಬಟ್ಟೆ ಬೇರ್ಪಡಿಸುವ ಕಡೆಗೆ ಹಾಕಿದರು.

ಸುದ್ದಿ ತಿಳಿದ ಮೇಲೆ ವಿದ್ಯಾರ್ಥಿನಿಗೆ ಊಟ ಸೇರಲಿಲ್ಲ. ಮೂರನೆಯ ದಿನ ಒಂಬತ್ತು ಟಿಪ್ಪಣಿ ಪುಸ್ತಕಗಳನ್ನೂ ಚೀಲಕ್ಕೆ ತುಂಬಿಕೊಂಡು ಮೇಷ್ಟ್ರ ಕೋಣೆಗೆ ಹೋಗಿ, ಅವರ ಮೇಜಿನ ಮೇಲೆ ಸುರಿದು, "ನಾನು ಊರಿಗೆ ಹೊರಟುಹೋಗ್ತೀನಿ ಸರ್. ನನ್ನ ಕೈಲಿ ಇನ್ನು ಆಗಲ್ಲ," ಎಂದಳು.

ಮೇಷ್ಟ್ರು ಕಪಾಟಿನಿಂದ ಆಕೆಯ ಕರಡುಪ್ರತಿ ತೆಗೆದು, ಆ ಪುಟ ಬಿಡಿಸಿ ತೋರಿಸಿದರು. ಎಂಟು ಬೆರಳಿನ ಸಾಲಿನ ಪಕ್ಕದಲ್ಲಿ ಅವರದೇ ಕೈಯ ಪೆನ್ಸಿಲ್ ಗೆರೆ, 'ಸೊಗಸು' ಎಂಬ ಒಕ್ಕಣೆ.

"ನೋಡಮ್ಮ, ಇದು ನನ್ನ ಕಣ್ಣಿಗೂ ಬಿದ್ದಿತ್ತು. ಇದರಿಂದ ಯಾರಿಗೆ ಏನಾಗಬಹುದು ಅಂತ ಕೇಳಬೇಕಾದವನು ನಾನು. ಕೇಳಲಿಲ್ಲ, ಮೆಚ್ಚಿಕೊಂಡೆ. ತಪ್ಪಲ್ಲಿ ನಿಂದು ಅರ್ಧ, ನಂದು ಒಂದೂವರೆ."

"ಒಟ್ಟು ಎರಡಾಯ್ತಲ್ಲ ಸರ್," ಎಂದಳು ಆಕೆ ಅಳುವಿನ ನಡುವೆಯೇ.

"ತಪ್ಪುಗಳೂ ಎರಡೇ ತಾನೆ? ಇಬ್ಬರಿಗೆ ತೊಂದರೆ ಆಗಿದೆ. ಊರಿಗೆ ಹೋದ್ರೆ ನಿನ್ನ ಸಂಕಟ ಮುಗಿಯುತ್ತೆ, ಅವರದ್ದಲ್ಲ. ಏಳು, ಅವರ ಮನೆಗೆ ಹೋಗೋಣ. ಇಂಥದ್ದಕ್ಕೆ ಪತ್ರ ಬರೆದ್ರೆ ಸಾಲದು, ಕಾಲಲ್ಲಿ ನಡೆದು ಹೋಗಬೇಕು."

ದೊಡ್ಡಕ್ಕನ ಮನೆ ಮೂರನೆಯ ಮಹಡಿಯ ಎರಡು ಕೋಣೆ. ಮೇಷ್ಟ್ರು ಆ ದಿನ ತಮ್ಮ ಪದವಿ, ಸಂಶೋಧನೆಯ ಮಹತ್ವ, ಉದ್ದೇಶದ ಒಳ್ಳೆಯತನ ಯಾವುದನ್ನೂ ಬಾಯಿಗೆ ತರಲಿಲ್ಲ. ಕೂರಿ ಎನ್ನುವ ತನಕ ನಿಂತೇ ಇದ್ದು, "ನಮ್ಮಿಂದ ನಿಮಗೆ ಕೆಡುಕಾಯ್ತು. ಕ್ಷಮಿಸಿ ಅಂತ ಕೇಳೋಕೆ ಬಂದಿದೀವಿ," ಎಂದಷ್ಟೇ ಹೇಳಿದರು. ದೊಡ್ಡಕ್ಕ ಅವರತ್ತ ನೋಡಲಿಲ್ಲ, ಹುಡುಗಿಯತ್ತ ನೋಡಿದಳು.

"ನೀನು ಬರೆದಿದ್ದು ಸುಳ್ಳಲ್ಲ. ಅದಕ್ಕೇ ಇಷ್ಟು ಸಿಟ್ಟು. ಸುಳ್ಳಾಗಿದ್ರೆ ಅಲ್ಲ ಅಂತ ಜಗಳ ಆಡ್ತಿದ್ದೆ. ನಿಜಕ್ಕೆ ಏನು ಹೇಳಲಿ? ಒಂದು ಮಾತು ಕೇಳಬಾರದಿತ್ತಾ ನನ್ನ?"

"ಕೇಳಬೇಕಿತ್ತು ಅಕ್ಕ."

"ಇನ್ನೂ ಏನೇನು ಬರೆದಿದೀಯ?"

"ಎಲ್ಲಾನೂ ಓದಿ ಹೇಳ್ತೀನಿ. ಬೇಡ ಅಂದಿದ್ದನ್ನ ಹೊಡೆದು ಹಾಕ್ತೀನಿ."

ದೊಡ್ಡಕ್ಕ ಎದ್ದು ಚಹಾಕ್ಕೆ ನೀರಿಟ್ಟಳು. ಕ್ಷಮಿಸಿದೆ ಎಂದು ಆಕೆ ಆಗಲೂ ಹೇಳಲಿಲ್ಲ, ಆಮೇಲೂ ಹೇಳಲಿಲ್ಲ.

ಹಾಗೆ ಓದಿ ಹೇಳಲು ಆರು ತಿಂಗಳು ಹೆಚ್ಚಿಗೆ ಬೇಕಾಯಿತು. ಆಕೆಯ ವೀಸಾ ಮುಗಿಯುವುದಕ್ಕೆ ಉಳಿದಿದ್ದದ್ದು ಐದೇ ವಾರ. ವಿದೇಶಿಯರ ಕಚೇರಿಯ ಸರದಿಯಲ್ಲಿ ಬೆಳಗಿನಿಂದ ಮಧ್ಯಾಹ್ನದ ತನಕ ಮೇಷ್ಟ್ರೂ ಆಕೆಯ ಜೊತೆ ನಿಂತರು. ಕಿಟಕಿಯಾಚೆಯ ಅಧಿಕಾರಿ, ಅವಧಿ ವಿಸ್ತರಣೆಗೆ ಕಾರಣವೇನೆಂದು ಕೇಳಿದರು.

"ಬರೆದಿದ್ದನ್ನ, ಯಾರ ಬಗ್ಗೆ ಬರೆದಿದೀವೋ ಅವರಿಗೆ ಓದಿ ಹೇಳಬೇಕು," ಎಂದರು ಮೇಷ್ಟ್ರು.

"ಅಂಥ ಕಾರಣ ಈ ಪಟ್ಟಿಯಲ್ಲಿಲ್ಲ."

"ಇರಬೇಕಿತ್ತು. ಸದ್ಯಕ್ಕೆ 'ಇತರೆ' ಅಂತ ಹಾಕಿ."

ಅಧಿಕಾರಿ ಹಾಕಿದರು. ಮುದ್ರೆ ಬಿತ್ತು.

ಆಮೇಲೆ ವಾರಕ್ಕೊಂದು ಸಂಜೆ, ಪಾಳಿ ಮುಗಿಸಿದ ಹನ್ನೊಂದು ಹೆಂಗಸರೂ ನಮ್ಮ ವಿಭಾಗದ ಓದುಕೋಣೆಗೆ ಬಂದು ಕೂರುತ್ತಿದ್ದರು. ವಿದ್ಯಾರ್ಥಿನಿ ಓದುತ್ತಿದ್ದಳು, ಅವರು ತಿದ್ದುತ್ತಿದ್ದರು. ಉರುಳೆಯ ಬಿಸಿ ತಪ್ಪಾಗಿ ಬರೆದಿದ್ದೀಯ ಎಂದರು, ನಾವು ಹಾಗೆ ನಿಟ್ಟುಸಿರು ಬಿಡುವವರಲ್ಲ ಎಂದರು, 'ಶೋಷಿತರು' ಎಂಬಲ್ಲಿ "ಯಾರದು ಅವರು?" ಎಂದು ಕೇಳಿ ಬಿದ್ದು ಬಿದ್ದು ನಕ್ಕರು. ಬಾಣಂತಿ ಮಾತ್ರ ಕೊನೆಯ ಸಂಜೆಯ ತನಕ ತುಟಿ ಬಿಚ್ಚಲಿಲ್ಲ. ಆ ಸಂಜೆ, "ನನ್ನ ಅರ್ಧ ಗಂಟೆ ತೆಗೆದುಬಿಡಿ. ಪೂರ್ತಿ," ಎಂದಳು.

ಇಡೀ ಪ್ರಬಂಧದ ಜೀವ ಇದ್ದದ್ದೇ ಅಲ್ಲಿ. ವಿದ್ಯಾರ್ಥಿನಿ ಮೇಷ್ಟ್ರ ಮುಖ ನೋಡಿದಳು. ಮೇಷ್ಟ್ರು ಕಿಟಕಿಯಾಚೆ ನೋಡುತ್ತಿದ್ದರು. ಅಂಥ ಹೊತ್ತಿನಲ್ಲಿ ಶಿಷ್ಯರ ಕೈ ಹಿಡಿದು ಬರೆಸುವವರು ಅವರಲ್ಲ. ಆಕೆ ಆರು ಪುಟಗಳ ಮೇಲೆ ಅಡ್ಡಗೆರೆ ಎಳೆದಳು. ಎಳೆದ ಮೇಲೆ ಎಷ್ಟೋ ದಿನಗಳ ನಂತರ ಹಸಿವಾಯಿತೆಂದು ಆಕೆ ಈಗ ನೆನೆಯುತ್ತಾರೆ. (ಆ ಅರ್ಧ ಗಂಟೆಯನ್ನು ಇಲ್ಲಿ ಬರೆಯಲು ಆ ತಾಯಿ ಹೋದ ತಿಂಗಳು ಒಪ್ಪಿದರು. ದೊಡ್ಡಕ್ಕನನ್ನೂ ಕೇಳಲಾಯಿತು, "ಬೆರಳು ಎಂಟು ಅಂತ ಸರಿಯಾಗಿ ಹಾಕಿ," ಎಂದರು.)

ಪ್ರಬಂಧ ತೇರ್ಗಡೆಯಾಯಿತು, ಅಷ್ಟೆ. 'ಅನುಭವದ ವಿವರಗಳು ತೆಳು' ಎಂದು ಪರೀಕ್ಷಕರು ಷರಾ ಬರೆದರು. ಲೋಪವೆಲ್ಲ ತಮ್ಮದೆಂದು ಮೇಷ್ಟ್ರು ಆಸ್ಪತ್ರೆಗೂ ವಿಶ್ವವಿದ್ಯಾಲಯಕ್ಕೂ ಬರೆದುಕೊಟ್ಟ ಪತ್ರದಿಂದಾಗಿ, ಆ ವರ್ಷ ಅವರಿಗೆ ಬರಬೇಕಿದ್ದ ವಿಭಾಗದ ಮುಖ್ಯಸ್ಥರ ಸ್ಥಾನ ಕೈತಪ್ಪಿ ಹೋಯಿತು. ಅವರು ಅದನ್ನು ಯಾರಲ್ಲೂ ಆಡಲಿಲ್ಲ. ಕಚೇರಿಯ ಗುಮಾಸ್ತೆ ಹೇಳಿದ್ದರಿಂದ ವಿದ್ಯಾರ್ಥಿನಿಗೆ ತಿಳಿದದ್ದು ಎಷ್ಟೋ ವರ್ಷಗಳ ಮೇಲೆ. ಅವರು ಮೇಲಿಂದ ಮೇಲೆ ಪತ್ರ ಬರೆದದ್ದರಿಂದಲೋ, ಹನ್ನೊಂದು ಹೆಂಗಸರೂ ಒಟ್ಟಾಗಿ ಹೋಗಿ ಕೇಳಿದ್ದರಿಂದಲೋ, ಹತ್ತು ತಿಂಗಳ ಮೇಲೆ ದೊಡ್ಡಕ್ಕ ಮೇಜಿಗೆ ಮರಳಿದಳು. ಹಾಲೂಡಿಸುವ ತಾಯಂದಿರಿಗೆ ಅರ್ಧ ಗಂಟೆ ಬಿಡುವೆಂದು ಆಸ್ಪತ್ರೆ ಮರುವರ್ಷ ನಿಯಮ ಮಾಡಿತು. ಅಷ್ಟು ಹೊತ್ತಿಗೆ ಬಾಣಂತಿಯ ಮಗು ಓಡಾಡುತ್ತಿತ್ತು. ಆ ಬಿಡುವು ಅವಳ ಹಿಂದೆ ಬಂದವರಿಗೆ ಒದಗಿತು.

ಆ ವಿದ್ಯಾರ್ಥಿನಿ ಇಂದು ತಮ್ಮ ದೇಶದ ವಿಶ್ವವಿದ್ಯಾಲಯದಲ್ಲಿ ಸಮಾಜಶಾಸ್ತ್ರ ಕಲಿಸುತ್ತಿದ್ದಾರೆ. ಅಭಿನಂದನ ಸಮಿತಿಯವರು ನಿವೃತ್ತಿಯ ನಂತರದ ಯೋಜನೆಯೇನೆಂದು ಮೇಷ್ಟ್ರನ್ನು ಕೇಳಿದಾಗ, ವಿಶ್ರಾಂತಿ, ಆತ್ಮಕಥೆ, ಕೈತೋಟ ಎಂಬ ಉತ್ತರ ನಿರೀಕ್ಷಿಸಿದ್ದರು. ಮೇಷ್ಟ್ರು ಸಂಕೋಚದಿಂದ, ಆಕೆಯ ವಿಶ್ವವಿದ್ಯಾಲಯದಿಂದ ಬಂದ ಒಂದು ಪತ್ರ ತೆಗೆದು ತೋರಿಸಿದರು. ಎರಡು ವರ್ಷದಿಂದ ಅವರು ಗುಟ್ಟಾಗಿ ಆಕೆಯ ತಾಯ್ನುಡಿ ಕಲಿಯುತ್ತಿದ್ದರಂತೆ. ಹೊಲಿಗೆ ಕೆಲಸದವರ ಬದುಕಿನ ಬಗ್ಗೆ ಆಕೆ ತನ್ನ ನುಡಿಯಲ್ಲಿ ನಡೆಸುವ ತರಗತಿಗೆ ಅರ್ಜಿ ಹಾಕಿದ್ದರಂತೆ. ಹೆಸರು ನೋಡಿಯೂ ರಿಯಾಯಿತಿ ತೋರದೆ, ಎಲ್ಲರಂತೆ ಭಾಷಾ ಪರೀಕ್ಷೆ ಬರೆಯಿರಿ ಎಂದು ಆಕೆ ತಿಳಿಸಿದ್ದರಂತೆ. ಮೊದಲ ಸಲ ನಪಾಸಾಗಿ, ಎರಡನೆಯ ಸಲ ಪಾಸಾದರಂತೆ. ಬರುವ ಋತುವಿನಲ್ಲಿ, ಅರವತ್ತೈದರ ಪ್ರಾಯದಲ್ಲಿ, ನಮ್ಮ ಮೇಷ್ಟ್ರು ಪರದೇಶದ ವಿದ್ಯಾರ್ಥಿಯಾಗಿ ಹೊರಡುತ್ತಿದ್ದಾರೆ.

ಅವರಿಗೆ ನೂರು ವರ್ಷದ ಆಯುಸ್ಸು ಇರಲಿ, ಕಣ್ಣು ಕಿವಿ ಕಾಲುಗಳು ಗಟ್ಟಿಯಾಗಿರಲಿ, ತಟ್ಟಿದ ಕದಗಳು ತೆರೆಯಲಿ. ಮನೆಪಾಠವನ್ನು ಹೊತ್ತಿಗೆ ಸರಿಯಾಗಿ ಒಪ್ಪಿಸಲಿ. ಅಲ್ಲಿನ ಮೇಡಂ ಬಹಳ ಕಟ್ಟುನಿಟ್ಟೆಂದು ಕೇಳಿದ್ದೇವೆ.