ಬಾಗಿಲು ತಟ್ಟದ ಸುದ್ದಿ

‘ಇಕ್ಬಾಲ್ ಹೋದ.’

ಮೊನ್ನೆ ಆಫೀಸಿನಲ್ಲಿ ಸಂಜೆಯ ಚಹಾ ಕುಡಿಯುತ್ತಿದ್ದಾಗ ನಮ್ಮ ಕರಾವಳಿಯವರ ವಾಟ್ಸ್ಯಾಪ್ ಗ್ರೂಪಿಗೆ ಬಂದ ಸುದ್ದಿ ಇಷ್ಟೇ. ಇಕ್ಬಾಲ್ ಅಂದರೆ ದೋಹಾದ ಅಲ್ ಥುಮಾಮಾ ಬಡಾವಣೆಯಲ್ಲಿ ನಮ್ಮ ಮೇಲಿನ ಫ್ಲ್ಯಾಟಿನವನು. ರಾಸ್ ಲಫಾನಿನ ಗ್ಯಾಸ್ ಪ್ಲಾಂಟಿನಲ್ಲಿ ಆಪರೇಟರ್. ಬೆಳಿಗ್ಗೆ ಲಿಫ್ಟಿನಲ್ಲಿ ಸಿಕ್ಕಿದ್ದ! ಚಹಾ ಮೇಜಿನ ಮೇಲೆಲ್ಲ ಚೆಲ್ಲಿತು.

ಅವನಿಗೆ ಫೋನ್ ಮಾಡಿದೆ. ಎತ್ತಲಿಲ್ಲ. ಗ್ರೂಪಿನಲ್ಲಿ ಆಗಲೇ ಒಬ್ಬರು ಶವವನ್ನು ಊರಿಗೆ ಕಳಿಸುವ ಕಾಗದಪತ್ರದ ಮಾತು ಶುರು ಮಾಡಿದ್ದರು. (ಬೈಯಬೇಡಿ. ಇಲ್ಲಿ ಯಾರಾದರೂ ತೀರಿಕೊಂಡರೆ ಓಡಾಡುವುದು ಗ್ರೂಪಿನವರೇ. ಮೊದಲು ಎದ್ದವನೇ ದೊಡ್ಡ ಮನಸ್ಸಿನವನು.) ನಾನು ಅಡ್ಮಿನ್. ಸಂತಾಪ ಟೈಪ್ ಮಾಡಿ ಇನ್ನೇನು ಕಳಿಸಬೇಕು, ನನ್ನಿಂದ ವಿಷಯ ತಿಳಿದ ಪಕ್ಕದ ಮೇಜಿನ ಪೀಟರ್ ಕೇಳಿದ: “ಸುದ್ದಿ ಹೇಳಿದ್ದು ಯಾರು? ಅವನ ಹೆಂಡತಿಗೆ ಗೊತ್ತಾ?”

ಗೊತ್ತಿಲ್ಲ ಅಂದೆ. ಅವನು ನನ್ನ ಕೈಯಿಂದ ಮೊಬೈಲನ್ನೇ ಕಿತ್ತುಕೊಂಡ.

ಪೀಟರ್ ಇಂಗ್ಲೆಂಡಿನ ಸಣ್ಣ ಊರೊಂದರ ಪತ್ರಿಕೆಯಲ್ಲಿ ವರದಿಗಾರನಾಗಿದ್ದವನು. ಪತ್ರಿಕೆ ಮುಚ್ಚಿತು. ಈಗ ದೋಹಾದಲ್ಲಿ ನಮ್ಮ ಕಂಪೆನಿಯವರ ಇಂಗ್ಲಿಷ್ ತಿದ್ದುತ್ತಾನೆ. “ಕಾರು ತೆಗಿ, ಅವರ ಮನೆಗೆ ಹೋಗೋಣ” ಅಂದ.

ದಾರಿಯುದ್ದಕ್ಕೂ ಅವನದು ಪತ್ರಿಕೆಗಳ ಇತಿಹಾಸ. ನನಗೋ ಸಿಟ್ಟು. ಈ ಹೊತ್ತಿನಲ್ಲಿ ಯಾರಿಗೆ ಬೇಕು ಸ್ವಾಮಿ? ಅವನು ಬಿಡಲಿಲ್ಲ.

ಲಂಡನ್ನಿನ ರಾಷ್ಟ್ರೀಯ ಪತ್ರಿಕೆಗಳು ರಾತ್ರಿ ರೈಲು ಹತ್ತಿ ದೇಶವೆಲ್ಲ ಹರಡುತ್ತಿದ್ದವಂತೆ. ಮಂತ್ರಿ, ಯುದ್ಧ, ರಾಜಮನೆತನ ಅವುಗಳ ಪಾಲು. ಊರ ಪತ್ರಿಕೆಗೆ ದನದ ಸಂತೆ, ಚರ್ಚಿನ ಊಟ, ಮದುವೆ, ಸಾವು. ಒಂದು ಕಾಲಕ್ಕೆ ಮುಖಪುಟದ ತುಂಬ ಬರೀ ಜಾಹೀರಾತು, ಸುದ್ದಿ ಒಳಗೆ. (ಈಗ ನಮ್ಮಲ್ಲೂ ಹಾಗೇ ಅಲ್ಲವೇ?) “ಲಂಡನ್ನಿನವರು ತಪ್ಪು ಬರೆದರೆ ಮೂಲೆಯಲ್ಲೊಂದು ತಿದ್ದುಪಡಿ ಹಾಕಿ ಸುಮ್ಮನಾಗಬಹುದು. ನಾನು ತಪ್ಪು ಬರೆದರೆ ಆ ಮನೆಯ ತಾಯಿ ಮರುದಿನ ಬೇಕರಿಯಲ್ಲಿ ನನ್ನೆದುರೇ ನಿಂತಿರುತ್ತಾಳೆ.”

ಅದಕ್ಕೇ ಅವರಲ್ಲೊಂದು ರೂಢಿ. ಸಾವಿನ ಸುದ್ದಿ ಬಂದರೆ ವರದಿಗಾರನೇ ಹೋಗಿ ಆ ಮನೆಯ ಬಾಗಿಲು ತಟ್ಟಬೇಕು. ಯಾರಿಗೂ ಬೇಡವಾದ ಕೆಲಸ. “ಬಾಗಿಲು ತೆರೆದವರ ಮುಖ ನೋಡು. ಅವರಿಗೆ ಗೊತ್ತಿಲ್ಲ ಅನಿಸಿದರೆ ಬಾಯಿ ಬಿಡಬೇಡ. ಮೊದಲು ಖಚಿತ ಮಾಡಿಕೋ.” ಆಮೇಲೆ ದೊಡ್ಡ ಕಂಪೆನಿಗಳು ಊರ ಪತ್ರಿಕೆಗಳನ್ನು ಕೊಂಡು, ಅಲ್ಲಿನ ಆಫೀಸು ಮುಚ್ಚಿ, ವರದಿಗಾರರನ್ನು ದೂರದ ನಗರದಲ್ಲಿ ಕೂರಿಸಿದವಂತೆ. ತಟ್ಟುವವರೇ ಇಲ್ಲವಾದರು.

ಬೆಲ್ ಒತ್ತಿದೆ. ಇಕ್ಬಾಲನ ಹೆಂಡತಿ ಆಯಿಶಾ ತೆರೆದಳು. ಕೈಯಲ್ಲಿ ನೀರುದೋಸೆಯ ಸೌಟು, ಮುಖದಲ್ಲಿ ನಗು. “ಎಂತ ಅಣ್ಣ, ಇವತ್ತು ಬೇಗ? ಆಫೀಸ್ ಖಲಾಸಾ?”

ಅವಳಿಗೆ ಗೊತ್ತಿಲ್ಲ. ಪೀಟರ್ ನನ್ನ ತೋಳು ಗಟ್ಟಿಯಾಗಿ ಹಿಡಿದ. ಅಷ್ಟರಲ್ಲಿ ಒಳಗೆ ಅವಳ ಮೊಬೈಲ್ ರಿಂಗಾಯಿತು. “ಊರಿಂದ ನಾದಿನಿ” ಎಂದು ತಿರುಗಿದಳು. ಆ ನಾದಿನಿಯ ಗಂಡ ಗಲ್ಫ್ ಬಿಟ್ಟರೂ ನಮ್ಮ ಗ್ರೂಪ್ ಬಿಟ್ಟಿರಲಿಲ್ಲ. ಎತ್ತಿದರೆ ಮುಗಿಯಿತು.

“ಎತ್ತಬೇಡ!” ಕಿರುಚಿಬಿಟ್ಟೆ.

ಅವಳ ನಗು ಆರಿತು. “ಎಂತಾಯ್ತು ಅಣ್ಣ? ಅವರಿಗೆ ಎಂತಾಯ್ತು?”

“ನಂಗೂ ಗೊತ್ತಿಲ್ಲಮ್ಮ, ಅದಕ್ಕೇ ಬಂದದ್ದು. ಪ್ಲಾಂಟಿಗೆ ಫೋನ್ ಮಾಡ್ಲಿಕ್ಕೆ ಆಗ್ತದಾ?”

ಡ್ಯೂಟಿಯಲ್ಲಿ ಮೊಬೈಲ್ ಒಳಗೊಯ್ಯುವಂತಿಲ್ಲ, ಲಾಕರಿನಲ್ಲಿ ಇಡಬೇಕಂತೆ. ತುರ್ತಿಗೆಂದು ಕಂಟ್ರೋಲ್ ರೂಮಿನ ನಂಬರನ್ನು ಇಕ್ಬಾಲ್ ಫ್ರಿಜ್ಜಿನ ಮೇಲೆ ಅಂಟಿಸಿದ್ದ. ಅದಕ್ಕೆ ಫೋನ್ ಮಾಡಿ ಸ್ಪೀಕರಿಗೆ ಹಾಕಿದೆ. ಯಾರೋ ಕಾಯಲು ಹೇಳಿದರು. ಒಲೆಯ ಮೇಲೆ ದೋಸೆ ಸೀಯುತ್ತಿತ್ತು. ನಾದಿನಿಯ ಫೋನ್ ನಿಂತು, ಮತ್ತೆ ಹೊಡೆದುಕೊಳ್ಳತೊಡಗಿತು. ಆಯಿಶಾ ಸೌಟು ಹಿಡಿದೇ ನಿಂತಿದ್ದಳು.

“ಯಲ್ಲಾ, ಬೇಗ ಹೇಳು. ಎಂತ?”

ಇಕ್ಬಾಲನ ಸ್ವರ! ಆಯಿಶಾ ಅಡುಗೆಮನೆಯ ನೆಲದಲ್ಲೇ ಕುಸಿದು ಕುಳಿತು ಅತ್ತಳು. ನನಗೂ ಕಣ್ಣು ತುಂಬಿತು.

ಆದದ್ದೇನು? ರಾಸ್ ಲಫಾನ್ ರಸ್ತೆಯಲ್ಲಿ ಮಗುಚಿಬಿದ್ದ ಬಿಳಿ ಕಾರೊಂದರ ಫೋಟೊ ಮಧ್ಯಾಹ್ನವೇ ಗ್ರೂಪಿಗೆ ಬಂದಿತ್ತು, ನಾನು ನೋಡಿರಲಿಲ್ಲ. ಒಬ್ಬ ‘ಇಕ್ಬಾಲನ ಕಾರಿನ ಹಾಗಿದೆ’ ಅಂದ. ಇನ್ನೊಬ್ಬ ‘ಇಕ್ಬಾಲನ ಕಾರು’ ಅಂದ. ಫೋನ್ ಎತ್ತುತ್ತಿಲ್ಲ ಎಂದು ಮತ್ತೊಬ್ಬ ಕೊಂದೇಬಿಟ್ಟ. (ಆ ಕಾರಿನವರು ತರಚುಗಾಯದಲ್ಲಿ ಪಾರಾಗಿದ್ದರು.) ಗ್ರೂಪಿನ ಅರ್ಧ ಜನ ನಮ್ಮ ಬಡಾವಣೆಯಲ್ಲೇ ಇದ್ದಾರೆ. ಒಬ್ಬನಾದರೂ ಅವರ ಮನೆಯ ಮೆಟ್ಟಿಲು ಹತ್ತಿದನೇ?

ರಾತ್ರಿಯೊಳಗೆ ಮೆಸೇಜುಗಳೆಲ್ಲ ಡಿಲೀಟ್. ಇಕ್ಬಾಲನನ್ನು ಕೊಂದ ಮಹಾಶಯರು ಮರುದಿನ ಎಂದಿನಂತೆ ಗುಲಾಬಿ ಹೂವಿನ ಗುಡ್ ಮಾರ್ನಿಂಗ್ ಹಾಕಿದರು. ತಪ್ಪಾಯಿತು ಎಂಬ ಒಂದು ಸಾಲಿಲ್ಲ. ಪೀಟರನ ಪತ್ರಿಕೆಯಲ್ಲಾಗಿದ್ದರೆ ಅದಾದರೂ ಅಚ್ಚಾಗುತ್ತಿತ್ತು.

ಉಳ್ಳಾಲದಲ್ಲಿರುವ ಇಕ್ಬಾಲನ ತಾಯಿಗೆ, ಗ್ರೂಪಿನಲ್ಲಿದ್ದ ಅಳಿಯನಿಂದ, ಸುದ್ದಿ ನಾವು ಬಾಗಿಲು ತಟ್ಟುವ ಮೊದಲೇ ಮುಟ್ಟಿತ್ತು. ಮಗ ಫೋನ್ ಮಾಡಿ “ಉಮ್ಮ, ನಾನು” ಅಂದರೆ ಈಗಲೂ ಅವರಿಗೆ ನಂಬಿಕೆಯಿಲ್ಲ. “ನಿಜವಾಗಿ ನೀನೇಯಾ?” ಎಂದು ಕೇಳುತ್ತಾರೆ, ವಿಡಿಯೋದಲ್ಲಿ ಮುಖ ಕಾಣುವವರೆಗೂ ಅಳುತ್ತಾರೆ.

ಇದಕ್ಕೆ ತಿದ್ದುಪಡಿ ಯಾವ ಪುಟದಲ್ಲಿ ಹಾಕೋಣ?