ಹಲ್ಲಿನಲ್ಲಿ ಜೀಪಿನ ಸದ್ದು ಕೇಳುತ್ತಿದ್ದವರು

ಅವರ ಮುಂದಿನ ಎರಡು ಹಲ್ಲುಗಳ ತುದಿ ಸವೆದು ಮೊಂಡಾಗಿತ್ತು. ಉದ್ದನೆಯ ಸ್ಕ್ರೂಡ್ರೈವರಿನ ಮೊನೆಯನ್ನು ಗೇರ್‌ಬಾಕ್ಸಿಗೆ ಊರಿ, ಮರದ ಹಿಡಿಯನ್ನು ಹಲ್ಲಲ್ಲಿ ಕಚ್ಚಿ, ಕಣ್ಣು ಮುಚ್ಚಿಕೊಂಡು ಒಳಗಿನ ಸದ್ದು ಕೇಳುತ್ತಿದ್ದರು. ಎಪ್ಪತ್ತರ ದಶಕದಲ್ಲಿ ನಾನು ಬಿ.ಎಸ್ಸಿ. ಮುಗಿಸಿ, ಹಿರಿಯೂರಿನಲ್ಲಿ ಶೇಂಗಾ ಬಿತ್ತನೆ ಬೀಜ ಹಂಚುವ ಕಚೇರಿಯೊಂದಕ್ಕೆ ಸೇರಿದಾಗ, ಅಲ್ಲಿನ ಹಳೆಯ ಜೀಪಿಗೆ ಅವರೇ ಡ್ರೈವರು.

ಅವರ ಕಿವಿ ವರ್ಷದಿಂದ ವರ್ಷಕ್ಕೆ ಮಂದವಾಗುತ್ತಿತ್ತು. ಎಷ್ಟು ಮಂದ ಎಂಬುದು ಕಚೇರಿಯಲ್ಲಿ ಯಾರಿಗೂ ಗೊತ್ತಿರಲಿಲ್ಲ, ಬಹುಶಃ ಅವರಿಗೂ. ಒಂದೇ ಮಾತನ್ನು ಮೂರು ಸಲ ಹೇಳಿ ಬೇಸತ್ತವರು ಕೈಸನ್ನೆಗೆ ಇಳಿದಿದ್ದರು. ನಾವು ಮರದ ಕೆಳಗೆ ಬುತ್ತಿ ಬಿಚ್ಚಿ ಹರಟುವಾಗ ಅವರು ಬಾನೆಟ್ ಎತ್ತಿಕೊಂಡು ನಿಂತಿರುತ್ತಿದ್ದರು. ಹೆಂಡತಿ ತೀರಿಹೋಗಿದ್ದರಿಂದ ಮನೆಯಲ್ಲೂ ಮಾತಿರಲಿಲ್ಲ.

ಜೀಪಿನ ವಿಷಯ ಬಂದರೆ ಮಾತ್ರ ನನ್ನನ್ನು ಹತ್ತಿರ ಕರೆಯುತ್ತಿದ್ದರು. “ಆಕ್ಸಿಲೇಟರ್ ತುಳಿದಾಗ ಕೂಗಿದ್ರೆ ಒಂದು ಕಾಯಿಲೆ, ಕಾಲೆತ್ತಿದಾಗ ಕೂಗಿದ್ರೆ ಇನ್ನೊಂದು. ಮುಂದಿನ ಚಕ್ರದ ಲಿವರ್ ಹಾಕಿ, ತೆಗೆದು ನೋಡ್ಬೇಕು. ಸದ್ದು ಮುಂದಿಂದೋ ಹಿಂದಿಂದೋ ಆಗ ತಿಳೀತೈತೆ.” ಆ ಲಿವರ್ ಹಾಕಿದರೆ ಮಾತ್ರ ಎಂಜಿನ್ನಿನ ಬಲ ನಾಲ್ಕೂ ಚಕ್ರಗಳಿಗೆ ಹೋಗುತ್ತಿತ್ತು. ಒಮ್ಮೆ ಸ್ಕ್ರೂಡ್ರೈವರನ್ನು ನನ್ನ ಬಾಯಿಗೇ ಕೊಟ್ಟರು. ತಲೆಬುರುಡೆಯೆಲ್ಲ ಗುಂಯ್‌ಗುಟ್ಟಿತು. “ಹೆಂಗೈತಪ್ಪ ರುಚಿ?” ಎಂದು ನಕ್ಕರು.

ಒಂದು ಮಧ್ಯಾಹ್ನ ಹೊಸದುರ್ಗದಿಂದ ಮರಳುತ್ತಿದ್ದೆವು. ಮುಂದಿನ ಸೀಟಿನ ತುಂಬ ಬೀಜದ ಮೂಟೆಗಳು. ಹಿಂದೆ ನಾನು, ದಾರಿಯಲ್ಲಿ ಹತ್ತಿಸಿಕೊಂಡ ಆದಿವಾಲದ ಇಬ್ಬರು ಹೆಂಗಸರು, ಒಬ್ಬಳ ಮಡಿಲಲ್ಲಿ ಕೂಸು. ಮಾರಿಕಣಿವೆ ಹತ್ತಿರದ ಇಳಿಜಾರಿನಲ್ಲಿ ನಮ್ಮ ಕಾಲಡಿಯ ತಗಡನ್ನು ಯಾರೋ ಕೆಳಗಿನಿಂದ ಗುದ್ದಿದಂತಾಯಿತು.

“ಅಣ್ಣಾ, ನಿಲ್ಸಣ್ಣೋ!” ಕೂಸಿನ ತಾಯಿ ಕಿರುಚಿದಳು. ನಾನೂ ಕೂಗಿದೆ. ಅವರ ತಲೆ ತಿರುಗಲಿಲ್ಲ. ಆ ಬೆನ್ನು ಈಗಲೂ ನಿದ್ದೆಯಲ್ಲಿ ಕಾಣಿಸುತ್ತದೆ, ಮತ್ತೆ ಕೂಗುತ್ತೇನೆ.

ಇನ್ನಷ್ಟು ದೂರ ಹೋಗುವುದರೊಳಗೆ, ಹಿಂದಿನ ಚಕ್ರಗಳನ್ನು ತಿರುಗಿಸುವ ಉದ್ದನೆಯ ಶಾಫ್ಟು ಮುರಿದು, ಬಡಿಯುತ್ತ ಬ್ರೇಕಿನ ಕೊಳವೆಯನ್ನೂ ಸೀಳಿತು. ಆ ಜೀಪಿನಲ್ಲಿ ಕೈಬ್ರೇಕು ಹಿಡಿಯುತ್ತಿದ್ದುದೂ ಅದೇ ಶಾಫ್ಟನ್ನು. ಜೀಪು ತನ್ನಷ್ಟಕ್ಕೆ ಓಡತೊಡಗಿತು. ಎಡಕ್ಕೆ ಕಮರಿ. ಅವರ ಕೈ ಮುಂದಿನ ಚಕ್ರದ ಲಿವರಿಗೆ ಹೋದದ್ದು ಮೂಟೆಗಳ ಸಂದಿಯಿಂದ ಕಂಡಿತು. ಒಳಗೆ ಗೇರು ಗರಗರ ಉಜ್ಜಿತು, ಕೂಡಲಿಲ್ಲ. ಅವರು ಜಗ್ಗಾಡಲಿಲ್ಲ, ಮೆಲ್ಲಗೆ ಒತ್ತುತ್ತಲೇ ಇದ್ದರು. ಕೊನೆಗೆ ಕಚ್ಚಿಕೊಂಡಿತು. ಎಂಜಿನ್ ಮುಂದಿನ ಚಕ್ರಗಳ ಓಟವನ್ನು ಹಿಡಿದು ತಡೆಯಿತು. ಜೀಪು ಮುಗ್ಗರಿಸಿ, ಬಲಗಡೆಯ ಮಣ್ಣಿನ ದಿಬ್ಬಕ್ಕೆ ಒರಗಿ ನಿಂತಿತು.

ಕೂಸಿನ ತಾಯಿ ಇಳಿದವಳೇ ಅಳುತ್ತ ಬೈದಳು. “ಎಷ್ಟು ಬಡ್ಕಂಡ್ವಿ! ಕಿವೀಗೇನು ಮಣ್ಣು ಮೆತ್ಕಂಡಿದ್ಯೇನಣ್ಣ?”

ಅವರು ನನ್ನತ್ತ ನೋಡಿದರು. “ಏನಂತಾಳಪ್ಪ?”

ಕಿವಿಗೆ ಬಾಯಿಟ್ಟು ಹೇಳಿದೆ. “ಮುರಿಯೋಕೆ ಮುಂಚೇನೇ ಕೂಗಿದ್ವಿ ಅಣ್ಣ.”

“ನೀನೂ ಕೂಗಿದ್ಯಾ?”

“ಹೂಂ.”

ಹಿರಿಯೂರಿಗೆ ಬಸ್ಸಿನಲ್ಲಿ ಬಂದೆವು. ಅವರು ಬೇರೆ ಸೀಟಿನಲ್ಲಿ ಕುಳಿತರು.

ಮರುದಿನ ಜೀಪಿನ ಕೀಲಿಯನ್ನು ಅಧಿಕಾರಿಯ ಮೇಜಿನ ಮೇಲಿಟ್ಟರು. “ಏನಯ್ಯಾ ಇದು? ಅಷ್ಟು ಜೀವ ಉಳಿಸಿದ್ದೀಯ!” ಎಂದು ಅಧಿಕಾರಿ ಜೋರಾಗಿ ಹೇಳಿದರು.

“ಗಾಡಿ ಮುರಿದಿದ್ದು ತಿಳೀತು ಸಾಹೇಬ್ರೇ. ಹೆಣ್ಮಗಳು ಕೂಗಿದ್ದು ತಿಳೀಲಿಲ್ಲ. ಅಂಥೋನು ಜನರನ್ನ ಕುಂದ್ರಿಸ್ಕಂಡು ಓಡಿಸಬಾರ್ದು.”

ಹೊಳಲ್ಕೆರೆ ಕಡೆಯ ಹೊರಕೆರೆದೇವಪುರ ಅವರ ಊರು. ಅಲ್ಲಿಗೆ ಹೊರಟುಹೋದರು. ತೀರಿಕೊಳ್ಳುವ ಹಿಂದಿನ ವರ್ಷ ಹುಡುಕಿಕೊಂಡು ಹೋಗಿದ್ದೆ. ಜಗಲಿಯ ಮೇಲೆ ಒಬ್ಬರೇ ಕುಳಿತಿದ್ದರು. ಅಕ್ಕಪಕ್ಕದವರು ಅವರೆದುರಿಗೇ ಅವರ ವಿಷಯ ಮಾತಾಡಿಕೊಳ್ಳುತ್ತಿದ್ದರು. ನಾನು ಬದುಕಿರುವುದು ನಿಮ್ಮಿಂದ ಎಂದು ಕೂಗಿ ಹೇಳಿದೆ. ಬೀದಿಯೆಲ್ಲ ತಿರುಗಿ ನೋಡಿತು. ಅವರು ನನ್ನ ತುಟಿಗಳನ್ನೇ ನೋಡುತ್ತ ತಲೆಯಾಡಿಸಿದರು. ಕೇಳಿಸಿತೋ, ನನ್ನ ಸಮಾಧಾನಕ್ಕೆ ಕೇಳಿಸಿಕೊಂಡವರಂತೆ ಮಾಡಿದರೋ, ಇವತ್ತಿಗೂ ನನಗೆ ತಿಳಿಯದು.